ಕರು ಹಾಕಿದ ಹಸು ಮತ್ತೆ ಬೆದೆಗೆ ಬರುವುದೆಂದು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂದೊಡನೆ ನಮ್ಮ ನೆನಪಿಗೆ ಬರುವುವು ಸುಣ್ಣಕಲ್ಲು, ಸಿಮೆಂಟು ಮತ್ತು ತೊಗರಿ. ಆದರೆ ಕಲಬುರಗಿ ಜಿಲ್ಲೆಯ ಈ ಭಾಗದಲ್ಲಿ ಒಂದೆರಡು ಹಸುಗಳನ್ನು ನಂಬಿಕೊಂಡಿರುವ ಸಣ್ಣ ಹಿಡುವಳಿಯ ಸಂಸಾರಗಳೂ ಉಂಟು. ಅಂಥ ಮನೆಯ ಹಸು ಕರು ಹಾಕಿ ಆರೇಳು ತಿಂಗಳಾದರೂ ಬೆದೆಗೆ ಬಾರದಿದ್ದರೆ, ಹಾಲು ಬತ್ತುತ್ತ ಹೋಗುತ್ತದೆ; ಮೇವಿನ ವೆಚ್ಚ ಮಾತ್ರ ನಿಲ್ಲುವುದಿಲ್ಲ. ಬಂಜೆಯಾಯಿತೆಂದು ಹಸುವನ್ನು ಮಾರಿಬಿಡುವುದೂ ಉಂಟು. ಅದು ನಿಜವಾಗಿಯೂ ಬಂಜೆಯೆ?

ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಹಸುವಿನ ಗರ್ಭಾವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕಾದರೆ, ಕರು ಹಾಕಿದ 85 ದಿನಗಳೊಳಗೆ ಅದು ಪುನಃ ಗರ್ಭ ಧರಿಸಬೇಕು. ಗರ್ಭಕೋಶವು ಕುಗ್ಗಿ ಮೊದಲಿನಂತಾಗಲು ಸುಮಾರು 40 ದಿನಗಳು ಹಿಡಿಯುತ್ತವೆ. ಬೆದೆ ಬರುವುದು ಸುಮಾರು 21 ದಿನಗಳಿಗೊಮ್ಮೆ. ಉಳಿದ 45 ದಿನಗಳಲ್ಲಿ ದೊರೆಯುವುವು ಎರಡೇ ಅವಕಾಶಗಳು!

ಭೌತಶಾಸ್ತ್ರದ ಅಧ್ಯಾಪಕರಿಗೆ ಕೊಟ್ಟಿಗೆಯಲ್ಲೇನು ಕೆಲಸ ಎಂದು ವಾಚಕರು ನಗಬಹುದು. ಆದರೆ ಶಕ್ತಿಸಂರಕ್ಷಣ ನಿಯಮಕ್ಕೆ ಕೊಟ್ಟಿಗೆಯೇನೂ ಹೊರತಲ್ಲ. ಒಂದು ಲೀಟರು ಹಸುವಿನ ಹಾಲಿನಲ್ಲಿ ಸುಮಾರು 700 ಕಿಲೊಕ್ಯಾಲೊರಿ ಶಕ್ತಿಯಿದೆ. ನಾಲ್ಕು ಲೀಟರು ಕರೆದರೆ 2,800; ಎಂದರೆ ಸಾಧಾರಣವಾಗಿ ದುಡಿಯುವ ಒಬ್ಬ ಮನುಷ್ಯನ ಇಡೀ ದಿನದ ಆಹಾರದಷ್ಟು. ಇದು ಎಲ್ಲಿಂದ ಬರಬೇಕು? ಬೇಸಗೆಯಲ್ಲಿ ಈ ಸೀಮೆಯ ಹಸುವಿಗೆ ಸಿಗುವುದು ಹೆಚ್ಚಾಗಿ ಜೋಳದ ಒಣ ಕಣಿಕೆ. ಅದರಲ್ಲಿ ಪ್ರೋಟೀನು ನೂರಕ್ಕೆ ಮೂರು ನಾಲ್ಕು ಭಾಗವಷ್ಟೇ. ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳು ಹಸುವಿನ ಮೊದಲ ಜಠರದಲ್ಲಿ ಚೆನ್ನಾಗಿ ಕೆಲಸಮಾಡಬೇಕಾದರೆ ಏಳೆಂಟು ಭಾಗವಾದರೂ ಬೇಕು. ಆದ್ದರಿಂದ ಬರಿಯ ಕಣಿಕೆಯನ್ನು ಎಷ್ಟು ರಾಶಿ ಹಾಕಿದರೂ ಹಸು ಹೆಚ್ಚು ತಿನ್ನಲಾರದು. ತಿಂದದ್ದು ಜೀವ ಹಿಡಿದಿರಲು ಸಾಕಾದೀತು, ಅಷ್ಟೆ. ಹಾಲಿನ ಶಕ್ತಿಯನ್ನು ಅದು ತನ್ನ ಮೈಯ ಕೊಬ್ಬಿನಿಂದಲೇ ತೆರಬೇಕು.

ಹೀಗೆ ಆದಾಯಕ್ಕಿಂತ ವೆಚ್ಚ ಮಿಕ್ಕಾಗ ದೇಹವು ಮೊದಲು ನಿಲ್ಲಿಸುವುದು ಸಂತಾನದ ಕಾರ್ಯವನ್ನು. ರಕ್ತದಲ್ಲಿ ಗ್ಲೂಕೋಸು, ಇನ್ಸುಲಿನ್ನುಗಳು ತಗ್ಗಿದ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಅಂಡಾಶಯಕ್ಕೆ ಬಿಟ್ಟು ಬಿಟ್ಟು ಕಳುಹಿಸುವ ಹಾರ್ಮೋನಿನ ಮಿಡಿತಗಳು ಆಗ ವಿರಳವಾಗುತ್ತವೆ. ಅಂಡಾಶಯದಲ್ಲಿ ಅಂಡಕೋಶಗಳು ಬೆಳೆಯುತ್ತವೆ, ಆದರೆ ಮಾಗದೆ ಬಾಡಿಹೋಗುತ್ತವೆ. ಇದು ಬಂಜೆತನವಲ್ಲ, ಹಸಿವು.

ಇನ್ನೊಂದು ಕಾರಣ ಕರು. ದೇವಣಿಯಂಥ ನಾಡತಳಿಯ ಹಸುಗಳು ಕರು ಬಿಡದೆ ಸೊರೆಬಿಡುವುದೇ ಅಪರೂಪ. ಮೊಲೆಯುಣಿಸುವಾಗಲೂ ಆ ಮಿಡಿತಗಳು ತಗ್ಗುತ್ತವೆ. 1990ರ ದಶಕದಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ನಡೆದ ಪ್ರಯೋಗಗಳು ಇಲ್ಲಿ ಸ್ವಾರಸ್ಯಕರವಾಗಿವೆ: ಬೇರೆ ಹಸುವಿನ ಕರು ಉಂಡರೆ ಈ ತಡೆ ಉಂಟಾಗುವುದಿಲ್ಲ! ತನ್ನದೇ ಕರುವೆಂದು ಕಣ್ಣು ಮೂಗುಗಳಿಂದ ಗುರುತಿಸಿದ ತಾಯಿಗೆ ಮಾತ್ರ ಈ ತಡೆ. ಕರುವನ್ನು ಇಡೀ ದಿನ ಜೊತೆಯಲ್ಲಿ ಬಿಡದೆ ಹೊತ್ತಿಗೊಮ್ಮೆ ಉಣಬಿಟ್ಟರೆ ಬೆದೆ ಬೇಗ ಬರುವುದುಂಟು. ಕರುವಿನ ಹೊಟ್ಟೆ ಮಾತ್ರ ತುಂಬಬೇಕು.

ಮೇವಿನ ಪರಿಹಾರ ಈ ನೆಲದಲ್ಲೇ ಇದೆ. ತೊಗರಿಯ ಹೊಟ್ಟು, ಬೇಳೆಯ ಗಿರಣಿಗಳಲ್ಲಿ ಉಳಿಯುವ ಚುನಿ, ಸ್ವಲ್ಪ ಹಿಂಡಿ ಇವು ಕಣಿಕೆಯ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತವೆ. ಕರು ಹಾಕುವ ಎರಡು ತಿಂಗಳ ಮುಂಚೆಯೇ ಇದನ್ನು ಆರಂಭಿಸಬೇಕು. ಪಕ್ಕೆಲುಬು ಎಣಿಸುವಂತಾದ ಮೇಲೆ ತಡವಾಯಿತೆಂದೇ ತಿಳಿಯಬೇಕು. ಮೂರು ತಿಂಗಳಾದರೂ ಬೆದೆ ಕಾಣದಿದ್ದರೆ ಪಶುವೈದ್ಯರಿಗೆ ತೋರಿಸುವುದೇ ಸರಿ, ಏಕೆಂದರೆ ಗರ್ಭಕೋಶದ ಸೋಂಕೂ ಕಾರಣವಾಗಿರಬಹುದು.

ಬೆದೆ ಬಂದರೂ ಯಾರಿಗೂ ಕಾಣದೆ ಹೋಗುವುದುಂಟು. ಹಿಂಡಿನಲ್ಲಾದರೆ ಒಂದು ಹಸು ಇನ್ನೊಂದನ್ನು ಏರುವುದರಿಂದ ಗೊತ್ತಾಗುತ್ತದೆ. ಗೂಟಕ್ಕೆ ಕಟ್ಟಿದ ಒಂಟಿ ಹಸುವನ್ನು ಏರುವವರಾರು? ಅದೂ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಬೆದೆಯ ಲಕ್ಷಣಗಳು ಮಂದವಾಗಿ, ಇರುಳಿನಲ್ಲಿ ಕೆಲವೇ ಗಂಟೆಗಳ ಕಾಲ ಕಾಣಿಸಿಕೊಳ್ಳುತ್ತವೆ. ಮಲಗುವ ಮುನ್ನ ಒಮ್ಮೆ, ನಸುಕಿನಲ್ಲಿ ಒಮ್ಮೆ ದೀಪ ಹಿಡಿದು ನೋಡಬೇಕು: ಸುಮ್ಮಸುಮ್ಮನೆ ಕೂಗುವುದು, ಮೇವು ಬಿಡುವುದು, ಬಾಲದ ಬಳಿ ಗಾಜಿನಂತೆ ತಿಳಿಯಾದ ಲೋಳೆಯ ಎಳೆ. ಅಂಡವು ಹೊರಬೀಳುವುದು ಬೆದೆ ಮುಗಿದು ಸುಮಾರು ಹತ್ತು ಹನ್ನೆರಡು ಗಂಟೆಗಳ ಮೇಲೆ. ಆದ್ದರಿಂದ ಬೆಳಗ್ಗೆ ಕಂಡ ಹಸುವಿಗೆ ಅಂದೇ ಸಂಜೆ, ಸಂಜೆ ಕಂಡದ್ದಕ್ಕೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸುತ್ತಾರೆ.