ಡೌನ್ ಲಕ್ಷಣವುಳ್ಳ ಮಕ್ಕಳೂ ಅವರ ರಾತ್ರಿಯ ನಿದ್ರೆಯೂ

ಮಗುವು ಗೊರಕೆ ಹೊಡೆಯುತ್ತ ಮಲಗಿದರೆ ಗಾಢನಿದ್ರೆ ಬಂದಿತೆಂದು ಮನೆಮಂದಿ ಸಂತೋಷಪಡುವುದುಂಟು. ಡೌನ್ ಲಕ್ಷಣವುಳ್ಳ ಮಕ್ಕಳ ವಿಷಯದಲ್ಲಿ ಈ ಸಂತೋಷಕ್ಕೆ ಆಸ್ಪದವಿಲ್ಲವೆಂದು ತಾಯ್ತಂದೆಗಳಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಈ ಲಕ್ಷಣಗಳನ್ನು 1866ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ ಎಂಬವರು ವರ್ಣಿಸಿದರು. ಕಾರಣವು ತಿಳಿದುದು 1959ರಲ್ಲಿ. ಜೀವಕೋಶದಲ್ಲಿ 46 ಇರತಕ್ಕ ವರ್ಣತಂತುಗಳು ಇವರಲ್ಲಿ 47 ಇರುವುವೆಂದು ಫ್ರಾನ್ಸಿನ ಲೆಜೂನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ತಾಯಿಯ ಪಥ್ಯದೋಷವಾಗಲಿ ಗ್ರಹಣದ ನೆರಳಾಗಲಿ ಇದಕ್ಕೆ ಕಾರಣವಲ್ಲ.

ಈ ಮಕ್ಕಳ ಮುಖದ ನಡುಭಾಗವು ಚಿಕ್ಕದು; ಬಾಯಿಯ ಅವಕಾಶಕ್ಕೆ ನಾಲಗೆಯು ದೊಡ್ಡದು; ಸ್ನಾಯುಗಳು ಸಡಿಲ. ಎಚ್ಚರವಿರುವಾಗ ಹೇಗೋ ತೆರೆದಿರುವ ಗಂಟಲಿನ ದಾರಿಯು ನಿದ್ರೆಯಲ್ಲಿ ಕುಸಿದು ಮುಚ್ಚಿಕೊಳ್ಳುತ್ತದೆ. ಟಾನ್ಸಿಲು ಊದಿಕೊಂಡಿದ್ದರೆ ಮತ್ತಷ್ಟು ಕಷ್ಟ. ಉಸಿರು ಕೆಲವು ಕ್ಷಣ ನಿಲ್ಲುತ್ತದೆ, ರಕ್ತದಲ್ಲಿ ಆಮ್ಲಜನಕವು ಇಳಿಯುತ್ತದೆ, ಮಿದುಳು ಬೆದರಿ ಮಗುವನ್ನು ಅರೆಯೆಚ್ಚರಗೊಳಿಸುತ್ತದೆ. ಒಂದೇ ರಾತ್ರಿಯಲ್ಲಿ ಹೀಗೆ ಎಷ್ಟೋ ಸಲ! ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುವುದರಿಂದ, ಆಮ್ಲಜನಕದ ಈ ಕೊರತೆಯು ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡವನ್ನೇರಿಸಿ ಹೃದಯಕ್ಕೆ ಅಪಾಯ ತರಬಲ್ಲುದು.

ಬಾಯಿ ತೆರೆದು ಉಸಿರಾಡುವುದು, ಕತ್ತನ್ನು ಹಿಂದಕ್ಕೆ ಚಾಚಿಯೋ ಕುಳಿತು ಮುಂದಕ್ಕೆ ಬಾಗಿಯೋ ನಿದ್ರಿಸುವುದು, ಬೆವರುವುದು, ಹೊರಳಾಡುವುದು: ಇವು ಗಮನಿಸತಕ್ಕ ಗುರುತುಗಳು. ನಿದ್ರೆಗೆಟ್ಟ ಮಗು ಹಗಲಿನಲ್ಲಿ ತೂಕಡಿಸಲೇಬೇಕೆಂದಿಲ್ಲ. ಹಟ ಹಿಡಿಯಬಹುದು, ಪಾಠದಲ್ಲಿ ಮನಸ್ಸಿಡದಿರಬಹುದು. ಅದನ್ನು ಬುದ್ಧಿಯ ಕೊರತೆಯೆಂದು ಉಪಾಧ್ಯಾಯರು ಬದಿಗಿರಿಸುವುದು ಅನ್ಯಾಯ. ತರಗತಿಯಲ್ಲಿ ಅಂಥ ಒಡನಾಡಿಯನ್ನು ಕಂಡು ನಗುವ ವಿದ್ಯಾರ್ಥಿಗಳೂ ಇದನ್ನು ತಿಳಿದಿರಬೇಕು.

ಗೊರಕೆಯಿಲ್ಲದಿದ್ದರೂ ತೊಂದರೆಯಿರಬಹುದು. ತಾಯ್ತಂದೆಗಳ ಕಣ್ಣಿಗೆ ಅದು ಬೀಳದೆಯೂ ಹೋಗುವುದರಿಂದ, ಇಂಥ ಮಕ್ಕಳೆಲ್ಲರಿಗೂ 4 ವರ್ಷ ತುಂಬುವುದರೊಳಗೆ ಆಸ್ಪತ್ರೆಯಲ್ಲಿ ರಾತ್ರಿಯ ನಿದ್ರಾಪರೀಕ್ಷೆಯಾಗಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಸೂಚಿಸಿದೆ. ಥೈರಾಯಿಡ್ ಗ್ರಂಥಿಯ ರಕ್ತಪರೀಕ್ಷೆಯೂ ಅಗತ್ಯ. ಅದರ ಮಾಂದ್ಯವೂ ಇವರಲ್ಲಿ ಹೆಚ್ಚು. ಚಿಕಿತ್ಸೆಯು ಸಾಮಾನ್ಯವಾಗಿ ಟಾನ್ಸಿಲು, ಅಡಿನಾಯ್ಡುಗಳನ್ನು ತೆಗೆಯುವುದರಿಂದ ಮೊದಲಾಗುತ್ತದೆ. ಇತರ ಮಕ್ಕಳಿಗೆ ಬಹುಪಾಲು ಅಷ್ಟೇ ಸಾಕು. ಇವರಲ್ಲಿ ಅನೇಕರಿಗೆ ತೊಂದರೆಯು ಉಳಿಯುವುದರಿಂದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ಕೆಲವರಿಗೆ ಮುಖವಾಡದ ಮೂಲಕ ಗಾಳಿಯನ್ನೊತ್ತುವ ಯಂತ್ರವು ಬೇಕಾಗುತ್ತದೆ. ಮಗು ಅದನ್ನು ಕಿತ್ತೆಸೆಯುವುದು ಸಹಜ. ಹಗಲಿನ ಆಟದಲ್ಲೇ ಮುಖವಾಡವನ್ನು ರೂಢಿ ಮಾಡಿಸುವುದು ಲೇಸು.

ಉಸಿರಿನ ದೋಷವಿಲ್ಲದೆ, ಬರಿದೆ ಮಲಗಲೊಲ್ಲದ ಮಗುವಿಗೆ ದಿನವೂ ಒಂದೇ ಹೊತ್ತು, ಒಂದೇ ಕ್ರಮ, ಮಂದ ಬೆಳಕು ಸಹಾಯಕ. ವೈದ್ಯರನ್ನು ಕೇಳದೆ ನಿದ್ರೆಯ ಔಷಧಿಯನ್ನು ಮಾತ್ರ ಕೊಡಕೂಡದು. ಅದು ಗಂಟಲಿನ ಸ್ನಾಯುಗಳನ್ನು ಇನ್ನೂ ಸಡಿಲಿಸಬಹುದು. ಮಲಗಿದ ಮಗುವಿನ ಉಸಿರಾಟವನ್ನು ಮೊಬೈಲಿನಲ್ಲಿ ಕೆಲವು ನಿಮಿಷ ಚಿತ್ರಿಸಿಕೊಂಡು ವೈದ್ಯರಿಗೆ ತೋರಿಸಿದರೆ ಅವರ ಕೆಲಸವು ಸುಲಭವಾಗುತ್ತದೆ.