ಕೋಳಿಗಳಲ್ಲಿ ಉಸಿರಾಟದ ವೈರಸ್‌ಗಳ ಸಹಸೋಂಕು

ಒಂದೇ ಕೋಳಿಯ ಶ್ವಾಸಾಂಗಕ್ಕೆ ಎರಡು ಅಥವಾ ಹೆಚ್ಚು ವೈರಸ್‌ಗಳು ಏಕಕಾಲದಲ್ಲಾಗಲಿ, ಒಂದರ ಬೆನ್ನಿಗೆ ಒಂದಾಗಿಯಾಗಲಿ ತಗಲುವುದನ್ನು ಸಹಸೋಂಕು ಎನ್ನುತ್ತಾರೆ. ಕೊಕ್ಕರೆ ರೋಗ (ರಾಣಿಖೇತ್ ರೋಗ), ಸಾಂಕ್ರಾಮಿಕ ಬ್ರಾಂಕೈಟಿಸ್ ಹಾಗೂ ಎಚ್9ಎನ್2 ಬಗೆಯ ಹಕ್ಕಿಜ್ವರದ ವೈರಸ್‌ಗಳು ಇವುಗಳಲ್ಲಿ ಮುಖ್ಯವಾದವು. ಇವು ಒಂದನ್ನೊಂದು ತಡೆಯಬಹುದು ಅಥವಾ ರೋಗವನ್ನು ಉಲ್ಬಣಗೊಳಿಸಬಹುದು.

ಪರಸ್ಪರ ತಡೆ

ಮೊದಲು ಹೊಕ್ಕ ವೈರಸ್‌ಗೆ ಪ್ರತಿಯಾಗಿ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸ್ರವಿಸುತ್ತವೆ. ಇದು ನೆರೆಯ ಕೋಶಗಳನ್ನು ಎಚ್ಚರಿಸಿ ಎರಡನೆಯ ವೈರಸ್‌ನ ವೃದ್ಧಿಯನ್ನು ಕುಗ್ಗಿಸುತ್ತದೆ. 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇದನ್ನು ಕಂಡುಹಿಡಿದದ್ದು ಕೋಳಿಭ್ರೂಣದ ಪೊರೆಯಲ್ಲಿಯೇ. ಶ್ವಾಸನಾಳದ ಒಂದೇ ಬಗೆಯ ಕೋಶಗಳಿಗಾಗಿ ವೈರಸ್‌ಗಳ ನಡುವೆ ಪೈಪೋಟಿಯೂ ನಡೆಯುತ್ತದೆ. ಕೊಕ್ಕರೆ ರೋಗದ ಸೌಮ್ಯ ತಳಿ ಮೊದಲೇ ನೆಲೆಸಿದ್ದರೆ ತೀವ್ರ ಹಕ್ಕಿಜ್ವರದ ವೈರಸ್‌ನ ವೃದ್ಧಿ ಕೆಲಕಾಲ ತಗ್ಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಇದು ರಕ್ಷಣೆಯಂತೆ ತೋರಿದರೂ ರೋಗಲಕ್ಷಣಗಳು ತಡವಾಗಿ, ಪತ್ತೆಯೂ ವಿಳಂಬವಾಗಬಹುದು.

ರೋಗದ ಉಲ್ಬಣ

ಎಚ್9ಎನ್2 ಒಂದೇ ಇದ್ದಾಗ ರೋಗವು ಸಾಮಾನ್ಯವಾಗಿ ಸೌಮ್ಯವಾಗಿರುತ್ತದೆ. ಬ್ರಾಂಕೈಟಿಸ್ ವೈರಸ್ ಜೊತೆಗೂಡಿದರೆ ಶ್ವಾಸನಾಳದ ರೋಮಕೋಶಗಳು ಹೆಚ್ಚು ಹಾಳಾಗಿ, ಇ. ಕೋಲೈನಂತಹ ಬ್ಯಾಕ್ಟೀರಿಯಾಗಳಿಗೆ ದಾರಿ ತೆರೆಯುತ್ತದೆ, ಸಾವುಗಳು ಹೆಚ್ಚುತ್ತವೆ.

ರೋಗಪತ್ತೆ

ಗೊರಗೊರ ಉಸಿರು, ಮೂಗಿನ ಸೋರಿಕೆ, ಮೊಟ್ಟೆಯ ಇಳುವರಿ ಕುಸಿತ ಈ ಮೂರೂ ರೋಗಗಳಿಗೆ ಸಾಮಾನ್ಯವಾದ್ದರಿಂದ ಲಕ್ಷಣ ನೋಡಿ ಬೇರ್ಪಡಿಸುವುದು ಕಷ್ಟ. ಕೆಂಪು ರಕ್ತಕಣಗಳನ್ನು ಗುಂಪುಗೂಡಿಸುವ ಸರಳ ಪರೀಕ್ಷೆಯಲ್ಲಿ ಕೊಕ್ಕರೆ ರೋಗ ಮತ್ತು ಹಕ್ಕಿಜ್ವರದ ವೈರಸ್‌ಗಳು ಸಿಗುತ್ತವೆ. ಬ್ರಾಂಕೈಟಿಸ್ ವೈರಸ್ ತಪ್ಪಿಹೋಗುತ್ತದೆ. ಆದುದರಿಂದ ಪ್ರತಿಯೊಂದು ವೈರಸ್‌ಗೂ ಪ್ರತ್ಯೇಕ ಆರ್‌ಟಿ-ಪಿಸಿಆರ್ ಪರೀಕ್ಷೆ ಅಗತ್ಯ.

ಲಸಿಕೆಗಳ ನಡುವಿನ ತಡೆ

ಜೀವಂತ ಲಸಿಕೆಗಳೂ ವೈರಸ್‌ಗಳೇ. ಬ್ರಾಂಕೈಟಿಸ್ ಲಸಿಕೆಯ ಪ್ರಮಾಣ ಮಿತಿಮೀರಿದರೆ ಕೊಕ್ಕರೆ ರೋಗದ ಲಸಿಕೆ ಚೆನ್ನಾಗಿ ನಾಟುವುದಿಲ್ಲ. ಸಂಯುಕ್ತ ಲಸಿಕೆಗಳಲ್ಲಿ ಈ ಪ್ರಮಾಣವನ್ನು ಹೊಂದಿಸಿರುತ್ತಾರೆ. ಬಿಡಿ ಲಸಿಕೆಗಳನ್ನು ತಾವೇ ಬೆರೆಸಿದರೆ ಆ ಹೊಂದಾಣಿಕೆ ತಪ್ಪುತ್ತದೆ.

ಕರ್ನಾಟಕದಲ್ಲಿ

2012ರ ಅಕ್ಟೋಬರ್‌ನಲ್ಲಿ ಬೆಂಗಳೂರು ಸಮೀಪದ ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಸಾಕಣೆ ಕೇಂದ್ರದಲ್ಲಿ ಎಚ್5ಎನ್1 ಹಕ್ಕಿಜ್ವರ ದೃಢಪಟ್ಟು, ಅಲ್ಲಿನ ಪಕ್ಷಿಗಳನ್ನು ನಾಶಪಡಿಸಲಾಯಿತು. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಂತಹ ಒಣಬೇಸಾಯದ ಸೀಮೆಯಲ್ಲಿ ಜವಾರಿ ಕೋಳಿಗಳು ಮನೆಯಂಗಳದಲ್ಲಿ ಬಿಡುಬೀಸಾಗಿ ಮೇಯುತ್ತವೆ. ಸಂತೆಯಿಂದ ತಂದ ಕೋಳಿಯನ್ನು ಕೂಡಲೇ ಹಿಂಡಿಗೆ ಬಿಟ್ಟರೆ ಬೇರೆ ಬೇರೆ ವೈರಸ್‌ಗಳು ಒಂದೆಡೆ ಸೇರುತ್ತವೆ. ಹೊಸ ಕೋಳಿಗಳನ್ನು ಎರಡು ಮೂರು ವಾರ ಪ್ರತ್ಯೇಕವಾಗಿಡುವುದು, ಆರೋಗ್ಯವಂತ ಕೋಳಿಗಳಿಗೆ ಮಾತ್ರ ಲಸಿಕೆ ಹಾಕಿಸುವುದು ಹಾಗೂ ಸಾಮೂಹಿಕ ಸಾವು ಕಂಡಾಗ ಸತ್ತ ಕೋಳಿಗಳನ್ನು ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸುವುದು ಮುಖ್ಯ ಮುಂಜಾಗ್ರತೆಗಳಾಗಿವೆ.