ಕಣ್ಣಿ ಬಿಚ್ಚಿದ್ದು ಹೇಗೆ?

ಲೂಪಸ್, ಸಂಧಿವಾತ, ಟೈಪ್ 1 ಮಧುಮೇಹದಂಥ ಕಾಯಿಲೆಗಳಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದೇಹವನ್ನು ಕೆಡಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಇದನ್ನು ಬಣ್ಣಿಸುವುದುಂಟು. ಗಾದೆ ಸೊಗಸಾಗಿದೆ, ಆದರೆ ನಮ್ಮನ್ನು ತಪ್ಪು ಕಡೆಗೆ ಒಯ್ಯುತ್ತದೆ. ಬೇಲಿ ಮೇಯುವುದು ಅಸಹಜ. ನಮ್ಮದೇ ಅಂಗಗಳ ಮೇಲೆ ಬೀಳಬಲ್ಲ ಜೀವಕೋಶಗಳಾದರೋ ಆರೋಗ್ಯವಂತರ ರಕ್ತದಲ್ಲೂ ಸದಾ ಇರುತ್ತವೆ, ಕಣ್ಣಿ ಹಾಕಿ ಕಟ್ಟಿದ ದನಗಳ ಹಾಗೆ. ದನ ಎಲ್ಲಿಂದ ಬಂತು ಎಂಬುದಕ್ಕಿಂತ ಕಣ್ಣಿ ಹೇಗೆ ಬಿಚ್ಚಿತು ಎಂದು ಕೇಳಿದರೆ ಕಾಯಿಲೆಯೂ ಹೊಸ ಚಿಕಿತ್ಸೆಗಳೂ ಹೆಚ್ಚು ಅರ್ಥವಾಗುತ್ತವೆ.

ದೇಹ ತನ್ನ ಮೇಲೆಯೇ ತಿರುಗಿಬೀಳದಂತೆ ತಡೆಯುವ ಏರ್ಪಾಡೊಂದು ಇರಲೇಬೇಕು ಎಂದು ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ 20ನೇ ಶತಮಾನದ ಆರಂಭದಲ್ಲೇ ಊಹಿಸಿದ್ದರು. ಅದರ ಒಂದು ಭಾಗ ಇರುವುದು ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯಲ್ಲಿ. ಅಲ್ಲಿ ಬಲಿಯುವ ರೋಗನಿರೋಧಕ ಕೋಶಗಳಾದ ಟಿ ಕೋಶಗಳಲ್ಲಿ ಪ್ರತಿಯೊಂದೂ ಜೀನ್ ತುಣುಕುಗಳನ್ನು ಮನಬಂದಂತೆ ಜೋಡಿಸಿ ತನ್ನ ಗ್ರಾಹಕವನ್ನು ಮಾಡಿಕೊಳ್ಳುತ್ತದೆ. ಎಂದೂ ಕಾಣದ ರೋಗಾಣುವನ್ನು ಗುರುತಿಸಲು ಈ ಸ್ವೇಚ್ಛೆ ಬೇಕು. ಆದರೆ ಇದರಿಂದಲೇ ಸ್ವಂತ ಅಂಗಾಂಶಕ್ಕೆ ಅಂಟುವ ಗ್ರಾಹಕಗಳೂ ಹುಟ್ಟುತ್ತವೆ. ಥೈಮಸ್ ಅಂಥ ಬಹಳಷ್ಟು ಕೋಶಗಳನ್ನು ಕೊಲ್ಲುತ್ತದೆ, ಎಲ್ಲವನ್ನೂ ಅಲ್ಲ. ಉಳಿದವನ್ನು ಹಿಡಿದಿಡುವುದು ಯಾರು? ಜಪಾನಿನ ಸಂಶೋಧಕರು ಹುಟ್ಟಿ ಮೂರು ದಿನವಾದ ಇಲಿಮರಿಗಳ ಥೈಮಸ್ ತೆಗೆದು ನೋಡಿದ್ದರು. ಟಿ ಕೋಶ ಕಡಿಮೆಯಾಗಿ ರೋಗನಿರೋಧಕ ವ್ಯವಸ್ಥೆ ಸೊರಗಬೇಕಿತ್ತು. ಅದರ ಬದಲು ಅದು ಮರಿಗಳ ಸ್ವಂತ ಅಂಗಗಳ ಮೇಲೆ ದಾಳಿಯಿಟ್ಟಿತು. ಶಿಮೋನ್ ಸಕಾಗುಚಿ ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಅಂಥ ಮರಿಗಳಿಗೆ ಕೊಟ್ಟಾಗ ಕಾಯಿಲೆ ತಪ್ಪಿತು. ಹಾಗೆ ಕಾಪಾಡಿದ ‘ನಿಯಂತ್ರಕ ಟಿ ಕೋಶ’ಗಳನ್ನು ಅವರು 1995ರಲ್ಲಿ ಗುರುತಿಸಿದರು. ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುವ ಒಂದು ತಳಿಯ ಗಂಡಿಲಿಗಳಲ್ಲಿ ಫಾಕ್ಸ್‌ಪಿ3 ಎಂಬ ಜೀನ್ ಕೆಟ್ಟಿರುವುದನ್ನು ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ತೋರಿಸಿದರು. ನಿಯಂತ್ರಕ ಕೋಶಗಳು ರೂಪುಗೊಳ್ಳಲು ಆ ಜೀನ್ ಬೇಕೇಬೇಕು ಎಂಬುದು ಬಳಿಕ ತಿಳಿಯಿತು. 2025ರ ನೊಬೆಲ್ ಈ ಮೂವರಿಗೆ ಸಂದಿದೆ. ‘ಇಮ್ಯುನಿಟಿ ಹೆಚ್ಚಿಸುವ’ ಪುಡಿ, ಕಷಾಯಗಳನ್ನು ಲೂಪಸ್ ರೋಗಿಗಳಿಗೆ ಪ್ರೀತಿಯಿಂದ ತಂದುಕೊಡುವ ಬಂಧುಗಳು ಇದನ್ನು ತಿಳಿಯಬೇಕು: ರೋಗಿಯ ದೇಹದಲ್ಲಿ ಕಮ್ಮಿಯಾಗಿರುವುದು ಹೋರಾಡುವ ಶಕ್ತಿಯಲ್ಲ, ತಡೆದುಕೊಳ್ಳುವ ಶಕ್ತಿ.

ಹೊರಗಿನ ಸೋಂಕಿನದು ಹಾಗಾದರೆ ಏನೂ ಪಾತ್ರವಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಗಂಟಲು ನೋವು ತರುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಪ್ರೋಟೀನು ಹೃದಯದ ಪ್ರೋಟೀನನ್ನು ಹೋಲುವುದರಿಂದ, ರುಮ್ಯಾಟಿಕ್ ಜ್ವರ ಬಂದ ಎಷ್ಟೋ ಮಕ್ಕಳ ಹೃದಯದ ಕವಾಟ ನಮ್ಮ ದೇಶದಲ್ಲಿ ಇಂದಿಗೂ ಹಾಳಾಗುತ್ತಿದೆ. ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಪ್‌ಸ್ಟೀನ್-ಬಾರ್ ವೈರಸ್ ತಗುಲಿದ ಮೇಲೆ ಮಲ್ಟಿಪಲ್ ಸ್ಕ್ಲೆರೋಸಿಸ್ ಬರುವ ಅಪಾಯ 32 ಪಟ್ಟು ಹೆಚ್ಚಿತ್ತು. ಆದರೆ ಜಗತ್ತಿನ ವಯಸ್ಕರಲ್ಲಿ 100ಕ್ಕೆ 90ಕ್ಕೂ ಹೆಚ್ಚು ಜನ ಈ ವೈರಸ್ಸನ್ನು ಹೊತ್ತೇ ಬದುಕುತ್ತಾರೆ, ಅವರಲ್ಲಿ ಬಹುತೇಕರಿಗೆ ನರಗಳ ಈ ಕಾಯಿಲೆ ಬರುವುದಿಲ್ಲ. ವಂಶವಾಹಿಯೊಂದನ್ನೇ ದೂರುವಂತೆಯೂ ಇಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಸಂಧಿವಾತವಿದ್ದರೆ ಇನ್ನೊಬ್ಬರಿಗೂ ಬರುವುದು 100ರಲ್ಲಿ ಸುಮಾರು 15 ಜೋಡಿಗಳಲ್ಲಿ ಮಾತ್ರ. ಸೋಂಕು ಕಣ್ಣಿಯನ್ನು ಜಗ್ಗುತ್ತದೆ, ವಂಶವಾಹಿ ಅದನ್ನು ಸಡಿಲಗೊಳಿಸುತ್ತದೆ. ಎರಡೂ ಕೂಡಿದಲ್ಲಿ ಅದು ಬಿಚ್ಚುತ್ತದೆ. ಲೂಪಸ್ ರೋಗಿಗಳಲ್ಲಿ 10ಕ್ಕೆ 9 ಜನ ಹೆಂಗಸರು ಎಂಬುದು ಈ ಸಡಿಲಿಕೆಯಲ್ಲಿ ಹಾರ್ಮೋನು ಮತ್ತು ಎಕ್ಸ್ ವರ್ಣತಂತುವಿನ ಪಾಲೂ ಇರುವುದನ್ನು ಸೂಚಿಸುತ್ತದೆ.

ಈ ಕಾಯಿಲೆಗಳಿಗೆ ಕೊಡುತ್ತ ಬಂದಿರುವ ಸ್ಟೀರಾಯ್ಡ್, ಮೆಥೋಟ್ರೆಕ್ಸೇಟ್‌ಗಳು ಅಸಂಖ್ಯ ಜೀವಗಳನ್ನು ಉಳಿಸಿವೆ. ಆದರೆ ಅವು ತಪ್ಪಿತಸ್ಥ ಕೋಶಗಳನ್ನಷ್ಟೇ ಆರಿಸಿ ಅಡಗಿಸಲಾರವು. ಸೋಂಕಿನ ಎದುರಿನ ಕಾವಲೂ ದುರ್ಬಲವಾಗುತ್ತದೆ. ಜರ್ಮನಿಯ ಎರ್ಲಾಂಗನ್‌ನಲ್ಲಿ ಗಿಯೋರ್ಗ್ ಶೆಟ್ ಅವರ ತಂಡ ಬೇರೆ ದಾರಿ ಹಿಡಿಯಿತು. ರೋಗಿಯ ಟಿ ಕೋಶಗಳನ್ನೇ ಹೊರತೆಗೆದು, ಪ್ರತಿಕಾಯಗಳಿಗೆ ಮೂಲವಾದ ಬಿ ಕೋಶಗಳ ಮೇಲಿರುವ ಸಿಡಿ19 ಗುರುತನ್ನು ಹಿಡಿಯುವ ಕೃತಕ ಗ್ರಾಹಕವನ್ನು ಅವುಗಳಿಗೆ ಕೂಡಿಸಿ, ಮರಳಿ ದೇಹಕ್ಕೆ ಹರಿಸಿದರು. 2024ರಲ್ಲಿ ಪ್ರಕಟವಾದ 15 ರೋಗಿಗಳ ವರದಿಯಲ್ಲಿ ಲೂಪಸ್ ಇದ್ದ 8 ಮಂದಿಯಲ್ಲೂ ಕಾಯಿಲೆ ಶಮನಗೊಂಡಿತ್ತು, 15 ಮಂದಿಯೂ ಹಳೆಯ ಔಷಧಗಳನ್ನು ನಿಲ್ಲಿಸಿದ್ದರು. ಇದು ಕಣ್ಣಿ ಬಿಗಿಯುವುದಲ್ಲ, ಮಂದೆಯನ್ನೇ ಕೊಲ್ಲುವುದಲ್ಲವೇ ಎನ್ನಬಹುದು. ಮೊದಲ ಹೆಜ್ಜೆ ಹಾಗೆಯೇ ಇದೆ, ಒಪ್ಪುತ್ತೇನೆ. ಆದರೆ ಕೆಲವು ತಿಂಗಳಲ್ಲಿ ಹೊಸ ಬಿ ಕೋಶಗಳು ಹುಟ್ಟಿದವು, ಕಾಯಿಲೆ ಮರಳಲಿಲ್ಲ. ಹಿಂದೆ ಹಾಕಿಸಿದ ಲಸಿಕೆಗಳ ಪ್ರತಿಕಾಯಗಳೂ ಬಹುಮಟ್ಟಿಗೆ ಉಳಿದಿದ್ದವು. ಬರೀ ಅಡಗಿಸಿದ್ದರೆ ಒತ್ತಡ ತೆಗೆದೊಡನೆ ರೋಗ ಮತ್ತೆ ಎದ್ದೇಳಬೇಕಿತ್ತು. ಟೈಪ್ 1 ಮಧುಮೇಹದ ಹೊಸ್ತಿಲಲ್ಲಿರುವವರಿಗೆ ಕೊಡುವ ಟೆಪ್ಲಿಜುಮ್ಯಾಬ್ ಕೂಡ ಇದೇ ಜಾಡಿನದು: ಎರಡು ವಾರಗಳ ಒಂದೇ ಚಿಕಿತ್ಸೆ ಕಾಯಿಲೆಯನ್ನು ಸರಾಸರಿ ಎರಡು ವರ್ಷ ಮುಂದೂಡಿತು, ಅಮೆರಿಕ ಅದಕ್ಕೆ 2022ರಲ್ಲಿ ಅನುಮತಿ ಕೊಟ್ಟಿತು.

ಎರ್ಲಾಂಗನ್‌ನ ಹದಿನೈದು ಜನ, ಹೆಚ್ಚೆಂದರೆ ಎರಡು ವರ್ಷ ಚಿಲ್ಲರೆಯ ನಿಗಾ: ಇಷ್ಟರಿಂದ ವಾಸಿಯಾಯಿತು ಎಂದು ಘೋಷಿಸಲಾಗದು. ಈ ಕೋಶಚಿಕಿತ್ಸೆ ತೀವ್ರ ಜ್ವರವನ್ನೂ ಕೆಲವೊಮ್ಮೆ ಜೀವಾಪಾಯವನ್ನೂ ತರಬಲ್ಲದು. ಬೆಲೆಯ ಗೋಡೆಯಂತೂ ಇದ್ದೇ ಇದೆ. ಆದರೆ ಸಿಡಿ19 ಅನ್ನೇ ಗುರಿಯಾಗಿಸುವ ಇಂಥ ಕೋಶಚಿಕಿತ್ಸೆಯನ್ನು ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿ, 2023ರಲ್ಲಿ ರಕ್ತದ ಕ್ಯಾನ್ಸರಿಗೆ ಅನುಮತಿ ಪಡೆದಿವೆ; ಅದರ ಬೆಲೆ ಅಮೆರಿಕದ ಬೆಲೆಯ ಒಂದು ಸಣ್ಣ ಪಾಲು. ಬೆಂಗಳೂರಿನ ಇಮ್ಯುನೀಲ್ ಕೂಡ ಕ್ಯಾನ್ಸರಿಗೆ ಇಂಥದ್ದನ್ನು ತಯಾರಿಸುತ್ತದೆ. ಸಾಧನವೂ ಕುಶಲತೆಯೂ ಕೈಯಲ್ಲಿರುವಾಗ, ಮೂತ್ರಪಿಂಡ ಕಳೆದುಕೊಳ್ಳುತ್ತಿರುವ ಇಪ್ಪತ್ತು ಮೂವತ್ತರ ಹರೆಯದ ಲೂಪಸ್ ರೋಗಿಗಳಿಗಾಗಿ ಇಲ್ಲಿಯ ಸರ್ಕಾರಿ ಆಸ್ಪತ್ರೆಗಳಲ್ಲೂ ಇದನ್ನು ಎಚ್ಚರದಿಂದ ಪರೀಕ್ಷಿಸಲು ಸಾರ್ವಜನಿಕ ಹಣ ಒದಗಬೇಕು.